ಗಣಕಯಂತ್ರದ ಪರದೆಯಲ್ಲಿ ಅರ್ಜಿ ನಮೂನೆಯು ಪೂರ್ಣವಾಗಿ ಅಥವಾ ಸ್ಪಷ್ಟವಾಗಿ ಕಾಣದಿದ್ದಲ್ಲಿ ಅನುಸರಿಸಬೇಕಾದ ಕ್ರಮಗಳು

ಸಾರ್ವಜನಿಕರ ಮಾಹಿತಿಗಾಗಿ

ಸರ್ಕಾರದ ಸೇವೆಗಳಿಗೆ ಮನೆಯಿಂದಲೇ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರಲ್ಲಿ ಹಲವರು, ತಮ್ಮ ಡೆಸ್ಕ್‌ಟಾಪ್ ಗಣಕಯಂತ್ರದ ಪರದೆಯಲ್ಲಿ ನಮೂನೆಯ ಬಲಭಾಗ ಅಥವಾ ಕೆಳಭಾಗ ಕಾಣುತ್ತಿಲ್ಲವೆಂದೂ, ಅಕ್ಷರಗಳು ಮಸುಕಾಗಿವೆಯೆಂದೂ, ಅಪ್‌ಲೋಡ್ ಮಾಡಿದ ಭಾವಚಿತ್ರ ಅಗಲವಾಗಿ ಕಾಣುತ್ತಿದೆಯೆಂದೂ ದೂರವಾಣಿಯ ಮೂಲಕ ಹಾಗೂ ಖುದ್ದಾಗಿ ಈ ಶಾಖೆಗೆ ತಿಳಿಸುತ್ತಿರುತ್ತಾರೆ. ಇಂತಹ ಬಹುಪಾಲು ಪ್ರಕರಣಗಳಲ್ಲಿ ಜಾಲತಾಣದಲ್ಲಿ ದೋಷವಿರುವುದಿಲ್ಲ, ಮಾನಿಟರ್ ಕೂಡ ಕೆಟ್ಟಿರುವುದಿಲ್ಲ. ಪರದೆಯ ರೆಸಲ್ಯೂಷನ್ ಅಥವಾ ಅಳತೆಯ ಹೊಂದಾಣಿಕೆ ತಪ್ಪಿರುತ್ತದೆ, ಅಷ್ಟೆ. ದುರಸ್ತಿಗೆಂದು ಹಣ ಖರ್ಚು ಮಾಡುವ ಮೊದಲು ಈ ಮಾಹಿತಿಯನ್ನು ಒಮ್ಮೆ ಓದಿಕೊಳ್ಳಬೇಕೆಂದು ಕೋರಲಾಗಿದೆ.

ವಿಷಯ ಸಣ್ಣದೆಂದು ತೋರಬಹುದು. ಆದರೆ ಅದರಿಂದಾಗುವ ನಷ್ಟ ಯಾವಾಗಲೂ ಸಣ್ಣದಾಗಿರುವುದಿಲ್ಲ. ಜೀವ ವಿಮಾ ನಿಗಮದ ವಸತಿ ಬಡಾವಣೆಯಿಂದ ಹೆಸರು ಪಡೆದ ಬೆಂಗಳೂರಿನ ಜೀವನ್ ಬಿಮಾ ನಗರದಲ್ಲಿ ನಿವೃತ್ತರ ಮನೆಗಳು ಅನೇಕ ಇವೆ. ಹೊರ ಊರಿಗೆ ಅಥವಾ ಹೊರದೇಶಕ್ಕೆ ಹೋದ ಮಕ್ಕಳು ಬಿಟ್ಟುಹೋದ ಗಣಕಯಂತ್ರವೇ ಅಂತಹ ಎಷ್ಟೋ ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಅಲ್ಲಿನ ಹಿರಿಯ ನಾಗರಿಕರೊಬ್ಬರು, ಮೊಮ್ಮಗಳ ಕಾಲೇಜು ಶುಲ್ಕ ವಿನಾಯಿತಿಗೆ ಬೇಕಾದ ಪ್ರಮಾಣ ಪತ್ರಕ್ಕೆ ಅರ್ಜಿ ಹಾಕಿ ಮೂರು ವಾರಗಳಾದವು, ಪತ್ರ ಇನ್ನೂ ಬಂದಿಲ್ಲವೆಂದು ವಿಚಾರಿಸಲು ಬಂದಿದ್ದರು. ಪರಿಶೀಲಿಸಿದಾಗ ಅರ್ಜಿಯು ಸಲ್ಲಿಕೆಯಾಗಿಯೇ ಇರಲಿಲ್ಲ, ಕರಡು ಸ್ಥಿತಿಯಲ್ಲಿ ಉಳಿದಿತ್ತು. ಹಳೆಯ ಮಾನಿಟರ್ ಸುಟ್ಟುಹೋಗಿ ಹೊಸದನ್ನು ಜೋಡಿಸಿದಾಗ ಪರದೆಯು 800 × 600 ರೆಸಲ್ಯೂಷನ್‌ಗೆ ಇಳಿದಿತ್ತು. ನಮೂನೆಯ ಕೊನೆಯ ಸಾಲಿನಲ್ಲಿ ಅವರಿಗೆ ಕಂಡದ್ದು ಕರಡು ಉಳಿಸುವ ಗುಂಡಿ ಮಾತ್ರ. ಸಲ್ಲಿಸುವ ಗುಂಡಿಯು ಪರದೆಯ ಅಂಚಿನಾಚೆ ಉಳಿದಿತ್ತು. ಇದು ತಿಳಿಯುವಷ್ಟರಲ್ಲಿ ಕಾಲೇಜು ನಿಗದಿಪಡಿಸಿದ್ದ ಕಡೆಯ ದಿನಾಂಕ ಮುಗಿದುಹೋಗಿತ್ತು.

2012ರ ಏಪ್ರಿಲ್ 2ರಿಂದ ರಾಜ್ಯಾದ್ಯಂತ ಜಾರಿಗೆ ಬಂದ ಸಕಾಲ ವ್ಯವಸ್ಥೆಯಲ್ಲಿ ಸೇವೆ ನೀಡುವ ಕಾಲಮಿತಿಯ ಎಣಿಕೆ ಆರಂಭವಾಗುವುದು ಅರ್ಜಿ ಸ್ವೀಕೃತವಾದ ನಂತರವೇ. ಕರಡಾಗಿ ಉಳಿದ ಅರ್ಜಿಗೆ ಸ್ವೀಕೃತಿ ಸಂಖ್ಯೆ ಇರುವುದಿಲ್ಲ, ಕಾಲಮಿತಿಯೂ ಇರುವುದಿಲ್ಲ, ವಿಳಂಬವಾಯಿತೆಂದು ಮೇಲ್ಮನವಿ ಸಲ್ಲಿಸಲೂ ಅವಕಾಶವಿರುವುದಿಲ್ಲ. ಆದುದರಿಂದ ನಮೂನೆಯನ್ನು ಭರ್ತಿ ಮಾಡಲು ಕುಳಿತುಕೊಳ್ಳುವ ಮೊದಲೇ ಪರದೆಯನ್ನು ಸರಿಪಡಿಸಿಕೊಳ್ಳುವುದು ಸೂಕ್ತ. ನಡುವೆ ಸರಿಪಡಿಸಹೊರಟರೆ, ನಿಗದಿತ ಅವಧಿ ಮೀರಿ ಜಾಲತಾಣವು ಲಾಗಿನ್ ಪುಟಕ್ಕೆ ಹಿಂದಿರುಗುವುದೂ ಉಂಟು.

ತೊಂದರೆ ಎಲ್ಲಿದೆ ಎಂದು ಗುರುತಿಸಿಕೊಳ್ಳುವ ಬಗೆ

ಮೊದಲು ಒಂದು ಅಂಶವನ್ನು ಗಮನಿಸಬೇಕು. ಒಂದೇ ಜಾಲತಾಣ ಮಾತ್ರ ದೊಡ್ಡದಾಗಿ ಅಥವಾ ಚಿಕ್ಕದಾಗಿ ಕಾಣುತ್ತಿದೆಯೇ, ಅಥವಾ ಪರದೆಯ ಮೇಲಿನ ಚಿಹ್ನೆಗಳು, ಕೆಳಪಟ್ಟಿಯ ಗಡಿಯಾರ ಸೇರಿದಂತೆ ಎಲ್ಲವೂ ಹಾಗೆಯೇ ಕಾಣುತ್ತಿದೆಯೇ? ಮೊದಲನೆಯದಾದರೆ ಅದು ಬ್ರೌಸರ್‌ನ ಜೂಮ್ ಮಾತ್ರ. ಕಂಟ್ರೋಲ್ ಕೀಲಿಯ ಮೇಲೆ ಬೆರಳು ಇದ್ದಾಗ ಮೌಸ್‌ನ ಚಕ್ರ ತಿರುಗಿದರೆ ಸಾಕು, ಅರಿವಿಲ್ಲದೆಯೇ ಪುಟವು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ಸೊನ್ನೆಯನ್ನು ಒತ್ತಿದಲ್ಲಿ ಪುಟವು 100 ಪ್ರತಿಶತಕ್ಕೆ ಮರಳುತ್ತದೆ. ಎರಡನೆಯದಾದರೆ ತೊಂದರೆಯು ಪರದೆಯ ಹೊಂದಾಣಿಕೆಯಲ್ಲಿದೆ. ಅದರ ಪರಿಹಾರವನ್ನು ಮುಂದೆ ವಿವರಿಸಲಾಗಿದೆ.

ಇನ್ನೊಂದು ಬಗೆಯ ತೊಂದರೆಯೂ ಇದೆ. ಕನ್ನಡದ ಜಾಗದಲ್ಲಿ ಚೌಕಗಳು, ಪ್ರಶ್ನಾರ್ಥಕ ಚಿಹ್ನೆಗಳು ಅಥವಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡಲ್ಲಿ ಅದು ಅಕ್ಷರ ಸಂಕೇತದ ಅಥವಾ ಫಾಂಟ್‌ನ ಸಮಸ್ಯೆ. ಯೂನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ಹಳೆಯ ನುಡಿ ಸಂಕೇತದಲ್ಲಿ ಸಿದ್ಧಪಡಿಸಿದ ಕಡತದಿಂದ ಹೆಸರನ್ನು ನಕಲು ಮಾಡಿ ನಮೂನೆಗೆ ಅಂಟಿಸಿದರೆ ಹೀಗಾಗುತ್ತದೆ. ರೆಸಲ್ಯೂಷನ್ ಎಷ್ಟು ಬದಲಾಯಿಸಿದರೂ ಇದು ಸರಿಹೋಗುವುದಿಲ್ಲ. ಹೆಸರನ್ನು ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಬೇಕು.

ರೆಸಲ್ಯೂಷನ್ ಎಂದರೇನು

ಈಗಿನ ಎಲ್.ಸಿ.ಡಿ. ಮಾನಿಟರ್‌ನ ಪರದೆಯು ಅಡ್ಡಲಾಗಿಯೂ ಉದ್ದಕ್ಕೂ ಸಾಲಾಗಿ ಜೋಡಿಸಿದ ಬೆಳಕಿನ ಚುಕ್ಕಿಗಳಿಂದ ಆಗಿರುತ್ತದೆ. 1920 × 1080 ಎಂದರೆ ಪ್ರತಿ ಸಾಲಿನಲ್ಲಿ 1,920 ಚುಕ್ಕಿಗಳು, ಅಂತಹ 1,080 ಸಾಲುಗಳು, ಒಟ್ಟು 20,73,600 ಚುಕ್ಕಿಗಳು. ಈ ಚುಕ್ಕಿಗಳು ಕಾರ್ಖಾನೆಯಲ್ಲಿಯೇ ಸ್ಥಿರಗೊಂಡಿರುತ್ತವೆ. ನಂತರ ಹೆಚ್ಚಿಸಲು ಅಥವಾ ಕಡಿಮೆ ಮಾಡಲು ಬರುವುದಿಲ್ಲ. ಹಳೆಯ ಡಬ್ಬಿ ಮಾನಿಟರ್‌ಗಳಲ್ಲಿ ಇಂತಹ ಕಟ್ಟುಪಾಡು ಇರಲಿಲ್ಲ. ಅವು 800 × 600 ಆದರೂ 1024 × 768 ಆದರೂ ಒಂದೇ ರೀತಿಯಲ್ಲಿ ಪರದೆ ತುಂಬ ತೋರಿಸುತ್ತಿದ್ದವು. ಆ ಕಾಲದ ಅಭ್ಯಾಸವೇ ಇಂದಿನ ಅನೇಕ ತೊಂದರೆಗಳಿಗೆ ಮೂಲ.

ಚುಕ್ಕಿ ರಂಗೋಲಿ ಹಾಕುವವರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳದು. ಅಂಗಳದಲ್ಲಿ 21 ಚುಕ್ಕಿಗಳನ್ನು ಇಟ್ಟಾದ ಮೇಲೆ 15 ಚುಕ್ಕಿಯ ರಂಗೋಲಿಯನ್ನು ಅದೇ ಅಂಗಳ ತುಂಬುವಂತೆ ಎಳೆಯಹೊರಟರೆ ಗೆರೆಗಳು ಚುಕ್ಕಿಗಳ ಮೇಲೆ ಬೀಳದೆ ನಡುವೆ ಬೀಳುತ್ತವೆ. ಮಾನಿಟರ್‌ಗೆ ತನ್ನದಲ್ಲದ ರೆಸಲ್ಯೂಷನ್ ನೀಡಿದಾಗಲೂ ಹಾಗೆಯೇ. ಒಂದು ಗೆರೆಯನ್ನು ಎರಡು ಚುಕ್ಕಿಗಳಿಗೆ ಹಂಚಬೇಕಾಗಿ ಬಂದು ಅಕ್ಷರದ ಅಂಚುಗಳು ಕದಡಿಹೋಗುತ್ತವೆ. ಕಣ್ಣಿನ ಪೊರೆಯೆಂದು ಭಾವಿಸಿ ಕಣ್ಣಿನ ಆಸ್ಪತ್ರೆಗೆ ಹೋಗಿ ಬಂದವರೂ ಇದ್ದಾರೆ.

ಪ್ರತಿ ಮಾನಿಟರ್‌ಗೂ ಅದರದೇ ಸಹಜ ರೆಸಲ್ಯೂಷನ್ ಇರುತ್ತದೆ. ಸಾಮಾನ್ಯವಾಗಿ 17 ಮತ್ತು 19 ಇಂಚಿನ ಹಳೆಯ ಚೌಕಾಕಾರದ ಎಲ್.ಸಿ.ಡಿ.ಗಳಲ್ಲಿ 1280 × 1024, 18.5 ಇಂಚಿನ ಅಗಲ ಪರದೆಯಲ್ಲಿ 1366 × 768, 19 ಇಂಚಿನ ಅಗಲ ಪರದೆಯಲ್ಲಿ 1440 × 900, 21.5 ರಿಂದ 24 ಇಂಚಿನವುಗಳಲ್ಲಿ 1920 × 1080 ಕಂಡುಬರುತ್ತದೆ. ಇಂಚು ಎಂಬುದು ಪರದೆಯ ಮೂಲೆಯಿಂದ ಮೂಲೆಗೆ ಇರುವ ಅಳತೆ ಮಾತ್ರ. ಇಂಚು ಹೆಚ್ಚಿದ ಮಾತ್ರಕ್ಕೆ ಚುಕ್ಕಿಗಳು ಹೆಚ್ಚುವುದಿಲ್ಲ. 27 ಇಂಚಿನ ಕೆಲವು ಮಾನಿಟರ್‌ಗಳಲ್ಲಿಯೂ 1920 × 1080 ಚುಕ್ಕಿಗಳೇ ಇರುತ್ತವೆ. ಖರೀದಿಸುವವರು ಬೆಲೆಪಟ್ಟಿಯಲ್ಲಿ ಎರಡನ್ನೂ ನೋಡಿಕೊಳ್ಳುವುದು ಒಳ್ಳೆಯದು.

“1024 × 768ರಲ್ಲಿ ಉತ್ತಮವಾಗಿ ಕಾಣುತ್ತದೆ” ಎಂಬ ಸೂಚನೆಯ ಬಗ್ಗೆ

2000ದ ದಶಕದಲ್ಲಿ ಸಿದ್ಧವಾದ ಅನೇಕ ಜಾಲತಾಣಗಳ, ಸರ್ಕಾರಿ ಜಾಲತಾಣಗಳೂ ಸೇರಿದಂತೆ, ಅಡಿಯಲ್ಲಿ ಇಂತಹ ಸಾಲೊಂದು ಇರುತ್ತಿತ್ತು. ಅಂದು ಹೆಚ್ಚಾಗಿ ಬಳಕೆಯಲ್ಲಿದ್ದ 15 ಮತ್ತು 17 ಇಂಚಿನ ಮಾನಿಟರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಬರೆಯಲಾಗುತ್ತಿತ್ತು. ಹಳೆಯ ಪುಟಗಳಲ್ಲಿ ಈ ಸಾಲು ಇನ್ನೂ ಉಳಿದಿದ್ದರೆ ಅದನ್ನು ಪಾಲಿಸುವ ಅಗತ್ಯವಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ, ಏಕೆಂದರೆ ಸರ್ಕಾರದ ಸೂಚನೆಯನ್ನು ಶ್ರದ್ಧೆಯಿಂದ ಪಾಲಿಸುವ ನಾಗರಿಕರೇ ಇದರಿಂದ ತೊಂದರೆಗೆ ಒಳಗಾಗುತ್ತಿದ್ದಾರೆ.

1024 × 768ರಲ್ಲಿ ಅಗಲ ಮತ್ತು ಎತ್ತರದ ಪ್ರಮಾಣ 4ಕ್ಕೆ 3. ಇಂದಿನ ಅಗಲ ಪರದೆಗಳ ಪ್ರಮಾಣ 16ಕ್ಕೆ 9. ಮೊದಲನೆಯದನ್ನು ಎರಡನೆಯದರಲ್ಲಿ ಪರದೆ ತುಂಬುವಂತೆ ತೋರಿಸಿದಾಗ ಚಿತ್ರವು ಅಡ್ಡಲಾಗಿ ಮೂರನೇ ಒಂದು ಭಾಗದಷ್ಟು ಹೆಚ್ಚು ಹಿಗ್ಗುತ್ತದೆ. ವೃತ್ತವು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಭಾವಚಿತ್ರದಲ್ಲಿನ ಮುಖ ಊದಿಕೊಂಡಂತೆ ಕಾಣುತ್ತದೆ. ಭಾವಚಿತ್ರ ಸರಿಯಿಲ್ಲವೆಂದು ಎರಡೆರಡು ಬಾರಿ ಸ್ಟುಡಿಯೋಗೆ ಹೋಗಿ ತೆಗೆಸಿಕೊಂಡು ಬಂದ ಅರ್ಜಿದಾರರಿದ್ದಾರೆ. ಕಡತದಲ್ಲಿರುವ ಭಾವಚಿತ್ರಕ್ಕೆ ಏನೂ ಆಗಿರುವುದಿಲ್ಲ. ಇಲಾಖೆಯ ಪರದೆಯಲ್ಲಿ ಅದು ಸರಿಯಾಗಿಯೇ ಕಾಣುತ್ತದೆ. ಪುಟದಲ್ಲಿರುವ ಯಾವುದಾದರೂ ದುಂಡನೆಯ ಮುದ್ರೆ ಅಥವಾ ಲಾಂಛನದ ಮೇಲೆ ಅಳತೆಪಟ್ಟಿ ಇಟ್ಟು ನೋಡಬಹುದು. ಅಗಲ ಮತ್ತು ಎತ್ತರ ಸಮನಾಗಿಲ್ಲದಿದ್ದರೆ ಪ್ರಮಾಣ ತಪ್ಪಿದೆಯೆಂದೇ ತಿಳಿಯಬೇಕು.

ಸರಿಪಡಿಸುವ ವಿಧಾನ

ವಿಂಡೋಸ್ 10 ಮತ್ತು 11ರಲ್ಲಿ, ಪರದೆಯ ಖಾಲಿ ಜಾಗದ ಮೇಲೆ ಮೌಸ್‌ನ ಬಲಗುಂಡಿಯನ್ನು ಒತ್ತಿ ‘ಡಿಸ್‌ಪ್ಲೇ ಸೆಟ್ಟಿಂಗ್ಸ್’ ಆಯ್ದುಕೊಳ್ಳಬೇಕು. ಅಲ್ಲಿ ‘ಡಿಸ್‌ಪ್ಲೇ ರೆಸಲ್ಯೂಷನ್’ ಎಂಬ ಪಟ್ಟಿಯನ್ನು ತೆರೆದಾಗ ಒಂದು ಸಂಖ್ಯೆಯ ಮುಂದೆ ‘ರೆಕಮೆಂಡೆಡ್’ ಎಂದು ಬರೆದಿರುತ್ತದೆ. ಅದೇ ಆ ಮಾನಿಟರ್‌ನ ಸಹಜ ರೆಸಲ್ಯೂಷನ್. ಅದನ್ನು ಆಯ್ದುಕೊಂಡ ಕೂಡಲೇ, ಬದಲಾವಣೆಯನ್ನು ಉಳಿಸಿಕೊಳ್ಳಬೇಕೇ ಎಂದು ಯಂತ್ರವು ಕೇಳುತ್ತದೆ. 15 ಸೆಕೆಂಡುಗಳೊಳಗೆ ‘ಕೀಪ್ ಚೇಂಜಸ್’ ಒತ್ತದಿದ್ದಲ್ಲಿ ಹಿಂದಿನ ಸ್ಥಿತಿಗೆ ತಾನಾಗಿಯೇ ಮರಳುತ್ತದೆ. ಆದುದರಿಂದ ತಪ್ಪು ಸಂಖ್ಯೆಯನ್ನು ಆಯ್ದು ಪರದೆ ಕಪ್ಪಾದರೂ ಗಾಬರಿಪಡಬೇಕಾಗಿಲ್ಲ. ಯಾವ ಕೀಲಿಯನ್ನೂ ಮುಟ್ಟದೆ 15 ಸೆಕೆಂಡು ಕಾಯತಕ್ಕದ್ದು. ವಿಂಡೋಸ್ 7 ಇನ್ನೂ ಉಳಿದಿರುವ ಯಂತ್ರಗಳಲ್ಲಿ ಇದೇ ಸ್ಥಾನದಲ್ಲಿ ‘ಸ್ಕ್ರೀನ್ ರೆಸಲ್ಯೂಷನ್’ ಎಂದಿರುತ್ತದೆ. ಆದರೆ ಅದಕ್ಕೆ ತಯಾರಕರ ಬೆಂಬಲ 2020ರ ಜನವರಿಯಲ್ಲಿಯೇ ಕೊನೆಗೊಂಡಿರುವುದರಿಂದ ಅಂತಹ ಯಂತ್ರದಲ್ಲಿ ಶುಲ್ಕ ಪಾವತಿ ಮಾಡದಿರುವುದು ಕ್ಷೇಮ.

ಇಲ್ಲಿ ಒಂದು ಮುಖ್ಯ ಆಕ್ಷೇಪ ಬರುತ್ತದೆ. “ಸಹಜ ರೆಸಲ್ಯೂಷನ್ ಇಟ್ಟರೆ ಅಕ್ಷರ ತೀರಾ ಚಿಕ್ಕದಾಗುತ್ತದೆ, ಓದಲು ಬರುವುದಿಲ್ಲ, ಅದಕ್ಕೇ ಕಡಿಮೆ ಮಾಡಿಸಿಕೊಂಡಿದ್ದೇವೆ” ಎಂದು ಹಿರಿಯರು ಹೇಳುತ್ತಾರೆ. ಅವರ ಅಗತ್ಯ ನ್ಯಾಯವಾದುದೇ, ಮಾರ್ಗ ಮಾತ್ರ ತಪ್ಪು. ರೆಸಲ್ಯೂಷನ್ ಅನ್ನು ಮುಟ್ಟದೆ, ಅದೇ ಪುಟದಲ್ಲಿರುವ ‘ಸ್ಕೇಲ್’ ಎಂಬಲ್ಲಿ 100ರ ಬದಲು 125 ಅಥವಾ 150 ಪ್ರತಿಶತ ಆಯ್ದುಕೊಂಡರೆ ಅಕ್ಷರಗಳು ದೊಡ್ಡವಾಗುತ್ತವೆ, ಸ್ಪಷ್ಟವಾಗಿಯೂ ಉಳಿಯುತ್ತವೆ. ರೆಸಲ್ಯೂಷನ್ ಇಳಿಸಿದಾಗ ಅಕ್ಷರಕ್ಕೆ ದೊರೆಯುವ ಚುಕ್ಕಿಗಳ ಸಂಖ್ಯೆ ಅಷ್ಟೇ ಇದ್ದು, ಪ್ರತಿ ಚುಕ್ಕಿಯನ್ನು ಎಳೆದು ಹಿಗ್ಗಿಸಲಾಗುತ್ತದೆ. ಸ್ಕೇಲ್ ಹೆಚ್ಚಿಸಿದಾಗ ಅದೇ ಅಕ್ಷರವನ್ನು ಹೆಚ್ಚು ಚುಕ್ಕಿಗಳಲ್ಲಿ ಹೊಸದಾಗಿ ಬರೆಯಲಾಗುತ್ತದೆ. ಸ್ಕೇಲ್‌ಗೂ ಮಿತಿಯಿದೆ: 1920 × 1080 ಪರದೆಗೆ 150 ಪ್ರತಿಶತ ನೀಡಿದರೆ ನಮೂನೆಗೆ ದೊರೆಯುವ ಜಾಗ 1280 × 720ರಷ್ಟು, ಅದು ಸಾಕಾಗುತ್ತದೆ. ಆದರೆ 1366 × 768 ಪರದೆಗೆ 125 ಪ್ರತಿಶತ ನೀಡಿದರೂ ಎತ್ತರದಲ್ಲಿ ಸುಮಾರು 614ರಷ್ಟೇ ಉಳಿದು, ಕೆಲವು ಕಿರುಕಿಟಕಿಗಳ ಕೆಳಗಿನ ಗುಂಡಿಗಳು ಮರೆಯಾಗಬಹುದು. ಅಂತಹವರು ಸ್ಕೇಲ್ ಅನ್ನು 100ರಲ್ಲಿಯೇ ಇಟ್ಟು, ಓದುವಾಗ ಮಾತ್ರ ಬ್ರೌಸರ್‌ನಲ್ಲಿ ಕಂಟ್ರೋಲ್ ಮತ್ತು ಪ್ಲಸ್ ಕೀಲಿಗಳಿಂದ ಪುಟವನ್ನು ಹಿಗ್ಗಿಸಿಕೊಳ್ಳುವುದು ಅನುಕೂಲ.

ಗುಂಡಿ ಕಾಣದಿದ್ದಾಗ ಟ್ಯಾಬ್ ಕೀಲಿಯನ್ನು ಒತ್ತುತ್ತಾ ಹೋಗಿ ಅಂದಾಜಿನಲ್ಲಿ ಎಂಟರ್ ಒತ್ತುವುದನ್ನು ಕೆಲವರು ರೂಢಿಸಿಕೊಂಡಿದ್ದಾರೆ. ದಯವಿಟ್ಟು ಹಾಗೆ ಮಾಡಬಾರದು. ಅನೇಕ ನಮೂನೆಗಳಲ್ಲಿ ಸಲ್ಲಿಸುವ ಗುಂಡಿಯ ಪಕ್ಕದಲ್ಲಿಯೇ ತುಂಬಿದ್ದೆಲ್ಲವನ್ನೂ ಅಳಿಸುವ ‘ರೀಸೆಟ್’ ಗುಂಡಿಯೂ ಇರುತ್ತದೆ. ಬದಲಿಗೆ ಕಂಟ್ರೋಲ್ ಮತ್ತು ಮೈನಸ್ ಒತ್ತಿ ಪುಟವನ್ನು 80 ಅಥವಾ 75 ಪ್ರತಿಶತಕ್ಕೆ ಇಳಿಸಿದರೆ ಗುಂಡಿಗಳೆಲ್ಲ ಕಣ್ಣಿಗೆ ಬೀಳುತ್ತವೆ.

ಕನ್ನಡ ಅಕ್ಷರಗಳಿಗೆ ಇದು ಏಕೆ ಹೆಚ್ಚು ಮುಖ್ಯ

ಮಸುಕಾದ ಪರದೆಯಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಹೇಗೋ ಊಹಿಸಿ ಓದಬಹುದು. ಕನ್ನಡದಲ್ಲಿ ಅದು ಅಪಾಯಕರ. ನಮ್ಮ ಲಿಪಿಯಲ್ಲಿ ಒಂದೇ ಸಾಲಿನ ಎತ್ತರದೊಳಗೆ ತಲೆಕಟ್ಟು, ಗುಡಿಸು, ಮೂಲಾಕ್ಷರ ಮತ್ತು ಅದರ ಕೆಳಗಿನ ಒತ್ತಕ್ಷರ ಎಲ್ಲವೂ ಹಿಡಿಯಬೇಕು. ‘ಲಕ್ಷ್ಮಿ’ ಎಂಬ ಹೆಸರಿನ ಎರಡನೆಯ ಅಕ್ಷರವೊಂದರಲ್ಲಿಯೇ ಮೂರು ವ್ಯಂಜನಗಳಿವೆ. 12 ಪಾಯಿಂಟ್ ಗಾತ್ರದ ಅಕ್ಷರಕ್ಕೆ 100 ಪ್ರತಿಶತ ಸ್ಕೇಲ್‌ನಲ್ಲಿ ದೊರೆಯುವುದು 16 ಚುಕ್ಕಿಗಳ ಅಳತೆ ಮಾತ್ರ. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ ಇವುಗಳ ನಡುವಿನ ವ್ಯತ್ಯಾಸವೆಂದರೆ ಕೆಳಗೆ ಸೀಳಿದ ಒಂದು ಸಣ್ಣ ಗೆರೆ. ಆ ಗೆರೆಗೆ ಒಂದೆರಡು ಚುಕ್ಕಿಗಳಷ್ಟೇ ಮೀಸಲಾಗಿರುತ್ತವೆ. ರೆಸಲ್ಯೂಷನ್ ಹೊಂದದಿದ್ದಾಗ ಮೊದಲು ಕಾಣೆಯಾಗುವುದು ಅದೇ.

ಇದರ ಪರಿಣಾಮವಾಗಿ ‘ಬಾರತಿ’ ಎಂದು ನಮೂದಾಗಿದ್ದರೂ ಅರ್ಜಿದಾರರು ಅದನ್ನು ‘ಭಾರತಿ’ ಎಂದೇ ಓದಿಕೊಂಡು ಒಪ್ಪಿಗೆ ನೀಡಿಬಿಡುತ್ತಾರೆ. ಪ್ರಮಾಣ ಪತ್ರ ಮುದ್ರಣವಾಗಿ ಕೈಗೆ ಬಂದ ಮೇಲೆ ತಪ್ಪು ಗೋಚರಿಸುತ್ತದೆ. ಶಾಲಾ ದಾಖಲೆಯ ಹೆಸರಿಗೂ ಪ್ರಮಾಣ ಪತ್ರದ ಹೆಸರಿಗೂ ತಾಳೆಯಾಗದಿದ್ದರೆ ತಿದ್ದುಪಡಿಗೆ ಮತ್ತೆ ಅರ್ಜಿ, ಮತ್ತೆ ದಾಖಲೆಗಳು, ಮತ್ತೆ ಓಡಾಟ. ಇಲಾಖೆಯ ಸಿಬ್ಬಂದಿ ತಪ್ಪು ಟೈಪ್ ಮಾಡಿದರೆಂದು ಆಗ ಆಕ್ಷೇಪಿಸಲಾಗುತ್ತದೆ. ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ಆದರೆ ಆನ್‌ಲೈನ್ ಅರ್ಜಿಯಲ್ಲಿ ಹೆಸರನ್ನು ನಮೂದಿಸುವವರು ಅರ್ಜಿದಾರರೇ ಆದುದರಿಂದ, ಅಂತಿಮ ಪರಿಶೀಲನಾ ಪುಟವನ್ನು ನೋಡುವಾಗ ಪುಟವನ್ನು 200 ಪ್ರತಿಶತಕ್ಕೆ ಹಿಗ್ಗಿಸಿ ಹೆಸರು, ತಂದೆ ಅಥವಾ ತಾಯಿಯ ಹೆಸರು ಮತ್ತು ವಿಳಾಸ ಇವನ್ನು ಅಕ್ಷರ ಅಕ್ಷರವಾಗಿ ಓದಿಕೊಳ್ಳಲು ಸೂಚಿಸಲಾಗಿದೆ. ಅಕ್ಷರಗಳ ಅಂಚು ಆಗಲೂ ತೃಪ್ತಿಕರವಾಗಿಲ್ಲವೆಂದಾದರೆ, ಸ್ಟಾರ್ಟ್ ಪಟ್ಟಿಯಲ್ಲಿ ‘ಕ್ಲಿಯರ್‌ಟೈಪ್’ ಎಂದು ಹುಡುಕಿ, ಅದು ತೋರಿಸುವ ಮಾದರಿಗಳಲ್ಲಿ ತಮಗೆ ಸ್ಪಷ್ಟವಾಗಿ ಕಾಣುವುದನ್ನು ಆಯ್ದುಕೊಳ್ಳಬಹುದು.

‘ರೆಕಮೆಂಡೆಡ್’ ಸಂಖ್ಯೆಯೇ ಪಟ್ಟಿಯಲ್ಲಿ ಇಲ್ಲದಿದ್ದರೆ

ಪಟ್ಟಿಯಲ್ಲಿ 800 × 600 ಮತ್ತು 1024 × 768ರಂತಹ ಸಂಖ್ಯೆಗಳು ಮಾತ್ರ ಇದ್ದರೆ ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು.

ಮೊದಲನೆಯದು ಗ್ರಾಫಿಕ್ಸ್ ಡ್ರೈವರ್ ಇಲ್ಲದಿರುವುದು. ಯಂತ್ರವನ್ನು ಫಾರ್ಮ್ಯಾಟ್ ಮಾಡಿಸಿ ತಂದ ನಂತರ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಸ್ಟಾರ್ಟ್ ಗುಂಡಿಯ ಮೇಲೆ ಬಲಗುಂಡಿ ಒತ್ತಿ, ‘ಡಿವೈಸ್ ಮ್ಯಾನೇಜರ್’ ತೆರೆದು, ‘ಡಿಸ್‌ಪ್ಲೇ ಅಡಾಪ್ಟರ್ಸ್’ ಅಡಿಯಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಡ್ರೈವರ್ ಇಲ್ಲವೆಂದು ಖಚಿತ. ‘ವಿಂಡೋಸ್ ಅಪ್‌ಡೇಟ್’ ಮೂಲಕ ಅಥವಾ ಯಂತ್ರದ ತಯಾರಕರ ಅಧಿಕೃತ ಜಾಲತಾಣದಿಂದ ಮಾತ್ರ ಅದನ್ನು ಪಡೆಯಬೇಕು. ಡ್ರೈವರ್ ಉಚಿತ. ಹಣ ಕೇಳುವ ಜಾಲತಾಣಗಳನ್ನು, ಯಂತ್ರವನ್ನು ದೂರದಿಂದಲೇ ಸರಿಪಡಿಸಿಕೊಡುತ್ತೇವೆಂದು ಕರೆ ಮಾಡುವ ಅಪರಿಚಿತರನ್ನು ನಂಬಬಾರದು. ಅಂತಹವರಿಗೆ ಯಂತ್ರದ ನಿಯಂತ್ರಣವನ್ನಾಗಲಿ ಒ.ಟಿ.ಪಿ.ಯನ್ನಾಗಲಿ ನೀಡಿ ಹಣ ಕಳೆದುಕೊಂಡಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು.

ಎರಡನೆಯದು ಕೇಬಲ್. ಮಾನಿಟರ್ ತನ್ನ ಸಹಜ ರೆಸಲ್ಯೂಷನ್ ಎಷ್ಟೆಂಬುದನ್ನು ಕೇಬಲ್ ಮೂಲಕವೇ ಯಂತ್ರಕ್ಕೆ ತಿಳಿಸುತ್ತದೆ. ಹಳೆಯ ವಿ.ಜಿ.ಎ. ಕೇಬಲ್‌ನ 15 ಸೂಜಿಗಳಲ್ಲಿ 12 ಮತ್ತು 15ನೆಯವು ಈ ಕೆಲಸಕ್ಕೆಂದೇ ಇವೆ. ಅವು ಬಾಗಿದ್ದರೆ ಅಥವಾ ಮುರಿದಿದ್ದರೆ ಚಿತ್ರ ಬರುತ್ತದೆ, ಮಾಹಿತಿ ಬರುವುದಿಲ್ಲ. ಯಂತ್ರವು ಅತಿ ಕಡಿಮೆ ರೆಸಲ್ಯೂಷನ್‌ನಲ್ಲಿ ನಿಲ್ಲುತ್ತದೆ. 9ನೆಯ ಸೂಜಿ ಕೆಲವು ಕೇಬಲ್‌ಗಳಲ್ಲಿ ಮೊದಲಿನಿಂದಲೇ ಇರುವುದಿಲ್ಲ, ಅದು ದೋಷವಲ್ಲ. ಕೇಬಲ್ ಅನ್ನು ಕಳಚಿ, ಸೂಜಿಗಳನ್ನು ನೋಡಿ, ಎರಡೂ ಕಡೆಯ ತಿರುಪುಗಳನ್ನು ಬಿಗಿಯಾಗಿ ಕೂರಿಸಿದರೆ ಎಷ್ಟೋ ಬಾರಿ ಅಲ್ಲಿಗೇ ಸರಿಹೋಗುತ್ತದೆ. ಇಲ್ಲದಿದ್ದರೆ ನೆರೆಮನೆಯ ಕೇಬಲ್ ತಂದು ಪರೀಕ್ಷಿಸಿದ ನಂತರವೇ ಹೊಸದನ್ನು ಕೊಳ್ಳಬಹುದು. ಹೊಸ ಮಾನಿಟರ್ ಕೊಳ್ಳುವ ಪ್ರಮೇಯ ಬಹಳ ವಿರಳ. ಕೆಲವು ಹಳೆಯ ಯಂತ್ರಗಳಲ್ಲಿ, ವಿದ್ಯುತ್ ಹೋಗಿ ಬಂದಾಗ ಮಾನಿಟರ್‌ಗಿಂತ ಮೊದಲು ಸಿ.ಪಿ.ಯು. ಚಾಲೂ ಆದರೂ ಹೀಗಾಗುತ್ತದೆ. ಮಾನಿಟರ್ ಅನ್ನು ಮೊದಲು ಹಾಕಿ, ನಂತರ ಯಂತ್ರವನ್ನು ಪುನಃ ಆರಂಭಿಸಿದರೆ ಸಾಕು.

ಚಿತ್ರವು ಒಂದು ಬದಿಗೆ ಸರಿದು ಇನ್ನೊಂದು ಬದಿಯಲ್ಲಿ ಕಪ್ಪು ಪಟ್ಟಿ ಕಾಣುತ್ತಿದ್ದರೆ, ವಿ.ಜಿ.ಎ. ಸಂಪರ್ಕದ ಮಾನಿಟರ್‌ಗಳಲ್ಲಿ ‘ಆಟೋ’ ಗುಂಡಿಯನ್ನು ಒಮ್ಮೆ ಒತ್ತಬೇಕು. ಎಚ್.ಡಿ.ಎಂ.ಐ. ಕೇಬಲ್ ಮೂಲಕ ದೂರದರ್ಶನ ಪೆಟ್ಟಿಗೆಯನ್ನೇ ಮಾನಿಟರ್ ಆಗಿ ಬಳಸುವವರಿಗೆ ನಾಲ್ಕೂ ಅಂಚುಗಳು ಕತ್ತರಿಸಿದಂತೆ ಕಂಡರೆ, ಟಿ.ವಿ.ಯ ಚಿತ್ರದ ಅಳತೆಯಲ್ಲಿ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಎಂಬುದನ್ನು ಆಯ್ದುಕೊಳ್ಳಬೇಕು. ಹೆಸರು ತಯಾರಕರನ್ನು ಅನುಸರಿಸಿ ಬದಲಾಗುತ್ತದೆ. ಪರದೆಯಲ್ಲಿ ‘ಔಟ್ ಆಫ್ ರೇಂಜ್’ ಎಂಬ ಬರಹವಷ್ಟೇ ಕಂಡು ಬೇರೇನೂ ಕಾಣದಿದ್ದರೆ, ಮಾನಿಟರ್ ತೋರಿಸಲಾಗದ ರೆಸಲ್ಯೂಷನ್ ಅನ್ನು ಯಂತ್ರವು ಕಳುಹಿಸುತ್ತಿದೆ ಎಂದರ್ಥ. ಬೇರೆ ಮಾನಿಟರ್ ಅಥವಾ ಟಿ.ವಿ.ಯನ್ನು ತಾತ್ಕಾಲಿಕವಾಗಿ ಜೋಡಿಸಿ, ರೆಸಲ್ಯೂಷನ್ ಇಳಿಸಿ, ನಂತರ ತಮ್ಮ ಮಾನಿಟರ್‌ಗೆ ಮರಳುವುದು ಸುಲಭದ ದಾರಿ.

ಅರ್ಜಿ ಸಲ್ಲಿಸಿದ ನಂತರ

ಪರದೆಯು ಸರಿಯಾದ ಮೇಲೆ, ಹಿಂದೆ ಭರ್ತಿ ಮಾಡಿದ ಅರ್ಜಿಗಳು ಕರಡಾಗಿ ಉಳಿದಿವೆಯೇ ಎಂದು ನೋಡಿಕೊಳ್ಳಬೇಕು. ಸೇವಾ ಸಿಂಧು ಜಾಲತಾಣದಲ್ಲಿ ಲಾಗಿನ್ ಆದ ನಂತರ ಅಪೂರ್ಣ ಅರ್ಜಿಗಳನ್ನು ತೋರಿಸುವ ಪ್ರತ್ಯೇಕ ವಿಭಾಗವಿದೆ. ಸಲ್ಲಿಕೆಯಾದ ಅರ್ಜಿಗೆ ಸ್ವೀಕೃತಿ ಪತ್ರ ದೊರೆಯುತ್ತದೆ. ಅದನ್ನು ಮುದ್ರಿಸಿಕೊಳ್ಳುವುದು ಅಥವಾ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಕಡ್ಡಾಯವೆಂದೇ ಭಾವಿಸತಕ್ಕದ್ದು. ಪರದೆಯ ರೆಸಲ್ಯೂಷನ್‌ಗೂ ಮುದ್ರಣಕ್ಕೂ ಸಂಬಂಧವಿಲ್ಲ.

ಕಡೆಯ ದಿನಾಂಕ ಹತ್ತಿರವಿದ್ದು ಮನೆಯ ಯಂತ್ರ ಸರಿಹೋಗದಿದ್ದಲ್ಲಿ ಅದರೊಂದಿಗೆ ಕಾಲ ಕಳೆಯುವುದು ಬೇಡ. ಬೇಕಾದ ಸೇವೆ ಲಭ್ಯವಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು, ಮೂಲ ದಾಖಲೆಗಳು ಹಾಗೂ ಆಧಾರ್‌ಗೆ ಜೋಡಣೆಯಾದ ಮೊಬೈಲ್ ದೂರವಾಣಿಯೊಂದಿಗೆ ಸಮೀಪದ ಬೆಂಗಳೂರು ಒನ್ ಕೇಂದ್ರಕ್ಕೆ ತೆರಳಿ ಅರ್ಜಿ ಸಲ್ಲಿಸಬಹುದು. ಅಲ್ಲಿಯೂ, ಸಿಬ್ಬಂದಿಯು ಅರ್ಜಿಯನ್ನು ಅಂತಿಮಗೊಳಿಸುವ ಮೊದಲು ತಮ್ಮ ಹೆಸರನ್ನು ಪರದೆಯ ಮೇಲೆ ಖುದ್ದಾಗಿ ಓದಿ ನೋಡಲು ಅವಕಾಶ ಕೇಳಿ ಪಡೆಯಬೇಕು.